ಸವಾರನಿಲ್ಲದ ಕುದುರೆ

ಪರದೆಯ ಮೇಲೆ ಈಗ ನೀವು ನೋಡುತ್ತಿರುವ ಚಿತ್ರದ ಅಳತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಎತ್ತರ ಒಂಬತ್ತೂವರೆ ಅಡಿ, ಅಗಲ ಎಂಟು ಅಡಿ. ಈ ಸಭಾಂಗಣದ ಗೋಡೆಗೆ ತೂಗುಹಾಕಿದರೆ ಮೇಲಿನ ಅಂಚು ಫ್ಯಾನಿನ ಹತ್ತಿರಕ್ಕೆ ಹೋಗುತ್ತದೆ. ಅದರೊಳಗೆ ಒಂದೇ ಒಂದು ಕುದುರೆ. ಬದುಕಿದ್ದಾಗ ಎಷ್ಟು ದೊಡ್ಡದಿತ್ತೋ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಹಿಂಗಾಲ ಮೇಲೆ ಭಾರ ಹಾಕಿ ಮುಂಗಾಲು ಎತ್ತಿದೆ, ಕತ್ತು ಹೊರಳಿಸಿ ನಮ್ಮ ಕಡೆ ನೋಡುತ್ತಿದೆ. ಬೆನ್ನ ಮೇಲೆ ಜೀನಿಲ್ಲ, ಬಾಯಲ್ಲಿ ಕಡಿವಾಣವಿಲ್ಲ. ಹಿಂದೆ ಮರವಿಲ್ಲ, ಬೆಟ್ಟವಿಲ್ಲ, ಆಕಾಶವಿಲ್ಲ. ಹಸಿರು ಬೆರೆತ ಮಾಸಲು ಹಳದಿ ಬಣ್ಣವೊಂದೇ ಇದೆ. ನೆಲ ಇದೆ ಎಂದು ಗೊತ್ತಾಗುವುದು ಹಿಂದಿನ ಗೊರಸುಗಳ ಬಳಿ ಬಿದ್ದಿರುವ ಎರಡು ಸಣ್ಣ ನೆರಳುಗಳಿಂದ. ಆ ನೆರಳನ್ನು ಬೆರಳಿಂದ ಮುಚ್ಚಿ ನೋಡಿ, ಕುದುರೆ ಗಾಳಿಯಲ್ಲಿ ತೇಲಿಬಿಡುತ್ತದೆ.

ಇದರ ಹೆಸರು ವಿಸಲ್‌ಜಾಕೆಟ್. ಬರೆದವನು ಜಾರ್ಜ್ ಸ್ಟಬ್ಸ್, ಇಂಗ್ಲೆಂಡಿನವನು. ಬರೆದದ್ದು 1762ರ ಸುಮಾರಿಗೆ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1997ರಲ್ಲಿ ಅವರು ಇದನ್ನು 1.1 ಕೋಟಿ ಪೌಂಡ್ ಕೊಟ್ಟು ಕೊಂಡರು. ನಾನು ಹೋದಾಗ ಮೂರು ನಾಲ್ಕು ಕೋಣೆಗಳ ಆಚೆಯಿಂದಲೇ, ಬಾಗಿಲುಗಳ ಸಾಲಿನ ಕೊನೆಯಲ್ಲಿ ಈ ಕಂದು ಕುದುರೆ ಕಾಣಿಸಿತು. ನಡುವೆ ಎಷ್ಟೋ ಮಹಾ ಮಹಾ ಚಿತ್ರಗಳಿದ್ದವು. ಒಂದನ್ನೂ ನೋಡಲಿಲ್ಲ, ಸೀದಾ ಇದರ ಮುಂದೆ ಹೋಗಿ ನಿಂತೆ. ನಾಲ್ಕು ದಿನ ಲಂಡನ್ನಿನಲ್ಲಿದ್ದೆ, ನಾಲ್ಕು ದಿನವೂ ಹೋದೆ.

ಯಾಕೆ ಹಾಗೆ ಎಂದು ಹೇಳಬೇಕಾದರೆ ನಮ್ಮ ಮೈಸೂರಿನ ಟಾಂಗಾ ಸ್ಟ್ಯಾಂಡಿಗೆ ಹೋಗಬೇಕು. ನಮ್ಮ ಬೀದಿಯ ತುದಿಯಲ್ಲಿ ನಾನು ಚಿಕ್ಕವನಿದ್ದಾಗ ಆರೇಳು ಟಾಂಗಾಗಳು ನಿಲ್ಲುತ್ತಿದ್ದವು. ಶಾಲೆ ಬಿಟ್ಟ ಮೇಲೆ ನೋಟ್‌ಬುಕ್ ಹಿಡಿದು ಅಲ್ಲಿ ಕೂತುಬಿಡುತ್ತಿದ್ದೆ. ಕುದುರೆಯ ಮುಖ ಬರುತ್ತಿತ್ತು, ಹೊಟ್ಟೆ ಬರುತ್ತಿತ್ತು, ಬಾಲವಂತೂ ಬಂದೇ ಬರುತ್ತಿತ್ತು. ಕಾಲು ಮಾತ್ರ ಬರುತ್ತಿರಲಿಲ್ಲ. ನಾನು ಬರೆದ ಕುದುರೆಗಳೆಲ್ಲ ಮೇಜಿನ ಹಾಗೆ ನಿಂತಿರುತ್ತಿದ್ದವು. ಒಂದು ದಿನ ವಯಸ್ಸಾದ ಸಾಹೇಬರೊಬ್ಬರು ಬೀಡಿ ಆರಿಸಿ ಹತ್ತಿರ ಬಂದು ನೋಡಿದರು.

‘ಇದೇನಪ್ಪಾ, ಕುದುರೆ ಕಾಲಾ, ಮಂಚದ ಕಾಲಾ?’

ನನಗೆ ಅಳು ಬರುವ ಹಾಗಾಯಿತು. ಅವರು ನನ್ನ ಕೈ ಹಿಡಿದು ಕುದುರೆಯ ಪಕ್ಕಕ್ಕೆ ಕರೆದುಕೊಂಡು ಹೋದರು. ‘ನೋಡಿ ನೋಡಿ ಬರೀತೀಯಲ್ಲ, ಮುಟ್ಟಿ ನೋಡು’ ಎಂದು ನನ್ನ ಅಂಗೈಯನ್ನು ಅದರ ಮುಂಗಾಲ ಮೇಲಿಟ್ಟು, ಮೇಲಿಂದ ಕೆಳಕ್ಕೆ ನಿಧಾನವಾಗಿ ಜಾರಿಸಿದರು. ಮೇಲೆ ಬೆಚ್ಚಗೆ, ತುಂಬಿಕೊಂಡಂತೆ ಇತ್ತು. ಮಂಡಿ ದಾಟಿದ ಕೂಡಲೇ ಮಾಂಸವೇ ಇಲ್ಲ. ಬರೀ ಮೂಳೆ, ಅದರ ಹಿಂದೆ ತಂತಿಯ ಹಾಗೆ ಬಿಗಿದ ಹುರಿ. ಬೆರಳಿಗೆ ಆ ಹುರಿ ಸಿಕ್ಕಿದ್ದು ಇವತ್ತಿಗೂ ನೆನಪಿದೆ. ಕುದುರೆ ಕಾಲೆತ್ತಿ ಮತ್ತೆ ಇಟ್ಟಿತು. ಆ ಹುರಿ ನನ್ನ ಬೆರಳ ಕೆಳಗೆ ಸರಿಯಿತು.

ಈಗ ನೀವೆಲ್ಲ ಒಂದು ಕೆಲಸ ಮಾಡಿ. ಬಲಗೈಯನ್ನು ಮುಂದೆ ಚಾಚಿ, ಮಧ್ಯದ ಬೆರಳ ತುದಿಯೊಂದನ್ನೇ ಮುಂದಿನ ಕುರ್ಚಿಯ ಮೇಲಿಡಿ. ಉಗುರು ಕುರ್ಚಿಗೆ ತಾಗುವ ಹಾಗೆ. ಉಳಿದ ಬೆರಳುಗಳನ್ನು ಮಡಚಿಕೊಳ್ಳಿ. ನಿಮ್ಮ ಇಡೀ ಮೈಭಾರ ಆ ಉಗುರಿನ ಮೇಲೆ ಇದೆ ಎಂದುಕೊಳ್ಳಿ. ಕುದುರೆ ನಿಲ್ಲುವುದು ಹೀಗೆ. ಗೊರಸು ಎಂದರೆ ಅದರ ನಡುಬೆರಳಿನ ಉಗುರು. ಮುಂಗಾಲಿನಲ್ಲಿ ನಾವು ಮಂಡಿ ಎನ್ನುತ್ತೇವಲ್ಲ, ಅದು ನಿಜಕ್ಕೂ ಅದರ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿದ ಜಾಗ ಅದರ ಹಿಮ್ಮಡಿ. ನಿಜವಾದ ಮೊಣಕೈ, ನಿಜವಾದ ಮೊಣಕಾಲು ಎರಡೂ ಮೇಲೆ ಹೊಟ್ಟೆಯ ಮಟ್ಟದಲ್ಲಿ ಚರ್ಮದೊಳಗೆ ಅಡಗಿವೆ. ಕುದುರೆಗೆ ಕೊರಳೆಲುಬೂ ಇಲ್ಲ. ಮುಂಗಾಲುಗಳು ಎದೆಗೂಡಿಗೆ ಯಾವ ಮೂಳೆಯಿಂದಲೂ ಕೂಡಿಕೊಂಡಿಲ್ಲ, ಬರೀ ಮಾಂಸಖಂಡಗಳ ಮೂಲಕ ಅಂಟಿಕೊಂಡಿವೆ. ಅದರ ಮುಂಭಾಗ ಎರಡು ಹೆಗಲ ಹಲಗೆಗಳ ನಡುವೆ ತೊಟ್ಟಿಲ ಹಾಗೆ ತೂಗಿಕೊಂಡಿರುತ್ತದೆ. ಕೈ ಕೆಳಗಿಳಿಸಿ. ಈಗ ಮತ್ತೆ ಪರದೆಯ ಮೇಲಿನ ಕುದುರೆಯನ್ನು ನೋಡಿ.

ಇದನ್ನೆಲ್ಲ ಸ್ಟಬ್ಸ್ ತಿಳಿದುಕೊಂಡ ರೀತಿಯನ್ನು ಹೇಳುವುದಕ್ಕೇ ನಾನು ಇವತ್ತು ಬಂದದ್ದು. ಹೇಳುವುದು ಸುಲಭವಿಲ್ಲ. ಊಟದ ಹೊತ್ತು ಹತ್ತಿರವಾಗಿದೆ, ಕ್ಷಮಿಸಿ.

ಸ್ಟಬ್ಸ್ ಹುಟ್ಟಿದ್ದು 1724ರಲ್ಲಿ, ಲಿವರ್‌ಪೂಲಿನಲ್ಲಿ. ಅಪ್ಪನದು ಚರ್ಮ ಹದಮಾಡುವ ಕಸುಬು. ಹದಿನೈದು ಹದಿನಾರರ ತನಕ ಹುಡುಗನೂ ಅದೇ ಕೆಲಸ ಮಾಡಿದ. ಸತ್ತ ಪ್ರಾಣಿಯ ಮೈ, ಅದರ ವಾಸನೆ, ಚರ್ಮದ ಒಳಮೈಯ ನುಣುಪು ಇವೆಲ್ಲ ಅವನಿಗೆ ಮನೆಯಲ್ಲೇ ಪರಿಚಯ. ಚಿತ್ರಕಲೆಯಲ್ಲಿ ಗುರು ಎಂದು ಸಿಕ್ಕವನೊಬ್ಬನಿದ್ದ. ದೊಡ್ಡಮನೆಯೊಂದರ ಚಿತ್ರಗಳನ್ನು ನಕಲು ಮಾಡಿಸುವ ಕೆಲಸ ಅವನದು. ಯಾವ ಚಿತ್ರ ನಕಲು ಮಾಡಬೇಕು ಎಂಬ ವಿಷಯಕ್ಕೇ ಇಬ್ಬರಿಗೂ ಜಟಾಪಟಿಯಾಗಿ ಕೆಲವೇ ವಾರಗಳಲ್ಲಿ ಹುಡುಗ ಹೊರಟುಬಂದ. ಇನ್ನು ಮೇಲೆ ಯಾರ ಚಿತ್ರವನ್ನೂ ನಕಲು ಮಾಡುವುದಿಲ್ಲ, ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ ಎಂದು ತೀರ್ಮಾನಿಸಿದನಂತೆ. ಮುಂದೆ ಯಾರ್ಕ್ ನಗರದಲ್ಲಿ ಭಾವಚಿತ್ರ ಬರೆದು ಹೊಟ್ಟೆ ಹೊರೆಯುತ್ತ, ಅಲ್ಲಿನ ಆಸ್ಪತ್ರೆಯಲ್ಲಿ ಮನುಷ್ಯರ ಅಂಗರಚನೆ ಕಲಿತ. 1751ರಲ್ಲಿ ಹೆರಿಗೆ ಶಾಸ್ತ್ರದ ಪುಸ್ತಕವೊಂದಕ್ಕೆ ಚಿತ್ರಗಳನ್ನು ತಾನೇ ತಾಮ್ರದ ತಗಡಿನ ಮೇಲೆ ಕೊರೆದುಕೊಟ್ಟ. ಆ ವಿದ್ಯೆಯನ್ನೂ ಆ ಪುಸ್ತಕಕ್ಕಾಗಿಯೇ ಕಲಿತದ್ದು.

1756ರಲ್ಲಿ ಅವನು ಲಿಂಕನ್‌ಶೈರ್‌ನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಒಂಟಿಮನೆಯೊಂದನ್ನು ಹಿಡಿದ. ಜೊತೆಗೆ ಮೇರಿ ಸ್ಪೆನ್ಸರ್ ಎಂಬ ಹೆಂಗಸು ಇದ್ದಳು. ಅವನ ಕೊನೆಯ ದಿನದ ತನಕವೂ ಜೊತೆಗಿದ್ದವಳು ಆಕೆ. ಆ ಮನೆಯಲ್ಲಿ ಹದಿನೆಂಟು ತಿಂಗಳ ಕಾಲ ಅವರಿಬ್ಬರು ಮಾಡಿದ ಕೆಲಸವನ್ನು, ಸ್ಟಬ್ಸ್ ಮುದುಕನಾದ ಮೇಲೆ ಅವನ ಬಾಯಿಂದಲೇ ಕೇಳಿ ಓಝಿಯಸ್ ಹಂಫ್ರಿ ಎಂಬ ಚಿತ್ರಕಾರ ಬರೆದಿಟ್ಟಿದ್ದಾನೆ.

ಜೀವಂತ ಕುದುರೆಯನ್ನು ತರುತ್ತಿದ್ದರು. ಕೊರಳಿನ ರಕ್ತನಾಳ ಕೊಯ್ದು ರಕ್ತವೆಲ್ಲ ಹರಿದುಹೋಗಲು ಬಿಡುತ್ತಿದ್ದರು. ಆಮೇಲೆ ಕರಗಿಸಿದ ಕೊಬ್ಬನ್ನು ನಾಳಗಳೊಳಗೆ ತುಂಬುತ್ತಿದ್ದರು. ಅದು ಗಟ್ಟಿಯಾದರೆ ನಾಳಗಳು ಕುಗ್ಗದೆ ಬದುಕಿದ್ದಾಗಿನ ಆಕಾರದಲ್ಲೇ ಉಳಿಯುತ್ತವೆ. ಸೂರಿನಿಂದ ರಾಟೆ ಹಾಕಿ ಒಂದು ಕಬ್ಬಿಣದ ಸರಳು ತೂಗುಬಿಟ್ಟಿದ್ದರು. ಆ ಸರಳಿಗೆ ಕೊಕ್ಕೆಗಳು. ನೋಡುವವನಿಗೆ ಕಾಣದ ಹಾಗೆ ಆಚೆ ಮಗ್ಗುಲಿನ ಪಕ್ಕೆಲುಬುಗಳಿಗೆ, ಬೆನ್ನುಮೂಳೆಯ ಅಡಿಗೆ ಕೊಕ್ಕೆ ಸಿಕ್ಕಿಸಿ ಕುದುರೆಯನ್ನು ಮೇಲೆತ್ತಿ, ಕೆಳಗೆ ತೂಗುವ ಹಲಗೆಯ ಮೇಲೆ ಗೊರಸುಗಳನ್ನು ಊರಿಸುತ್ತಿದ್ದರು. ಅಂದರೆ ಸತ್ತ ಕುದುರೆ ನಡೆಯುತ್ತಿರುವ ಹಾಗೆ ನಿಲ್ಲಬೇಕು. ಮಲಗಿಸಿ ಕೊಯ್ದರೆ ಮಾಂಸಖಂಡಗಳು ಜೋತುಬೀಳುತ್ತವೆ, ನಿಜವಾದ ಆಕಾರ ತಪ್ಪಿಹೋಗುತ್ತದೆ. ಅದಕ್ಕಾಗಿ ಇಷ್ಟೆಲ್ಲ.

ಆಮೇಲೆ ಚರ್ಮ ಬಿಡಿಸುವುದು, ಒಂದು ಪದರ ಬರೆಯುವುದು, ಅಳೆಯುವುದು, ಟಿಪ್ಪಣಿ ಮಾಡುವುದು. ಆ ಪದರ ತೆಗೆದು ಕೆಳಗಿನದನ್ನು ಬರೆಯುವುದು. ಹೀಗೆ ಮೂಳೆಯ ತನಕ. ಒಂದು ಕುದುರೆಯನ್ನಂತೂ ಹನ್ನೊಂದು ವಾರ ಹಾಗೇ ಇಟ್ಟುಕೊಂಡಿದ್ದನಂತೆ. ಇವತ್ತಿನ ಹಾಗೆ ಕೊಳೆಯದಂತೆ ಕಾಪಾಡುವ ರಾಸಾಯನಿಕಗಳಿಲ್ಲ. ಮುಚ್ಚಿದ ಮನೆ, ಮೋಂಬತ್ತಿಯ ಬೆಳಕು, ಮೇಲಿಂದ ತೂಗುವ ಹೆಣ. ಆ ವಾಸನೆಯ ನಡುವೆ ಕೂತು ಅವನು ಎಳೆದ ಗೆರೆಗಳನ್ನು ನೋಡಿ. ಇದು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿರುವ ಒಂದು ರೇಖಾಚಿತ್ರ. ಎಲ್ಲಾದರೂ ಒಂದು ಗೆರೆ ಅವಸರದಿಂದ ಓಡಿದೆಯೇ? ನನಗೆ ಒಂದೂ ಕಂಡಿಲ್ಲ. ಹೂವಿನ ಎಸಳು ಬರೆಯುವಾಗ ಇರುವ ನಯವೇ ಇಲ್ಲೂ ಇದೆ.

ಈ ಮಾತು ಹೇಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ಇವನಿಗೆ ಕುದುರೆ ಮೇಲೆ ಪ್ರೀತಿ ಇತ್ತು ಎಂದು ಹೇಗೆ ಹೇಳುತ್ತೀರಿ, ಕೊಂದನಲ್ಲ? ಕೇಳಬೇಕಾದ ಪ್ರಶ್ನೆಯೇ. ನಾನೂ ಬಹಳ ದಿನ ಇದನ್ನು ಹೊತ್ತುಕೊಂಡು ತಿರುಗಿದ್ದೇನೆ. ಕೊರಳು ಕೊಯ್ದದ್ದನ್ನು ನಾನು ಸಮರ್ಥಿಸುವುದಿಲ್ಲ. ಟಾಂಗಾ ಕುದುರೆಯ ಕಾಲು ಸವರಿದ ಕೈ ನನ್ನದು, ಆ ಭಾಗ ಓದುವಾಗ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಕುದುರೆಯನ್ನು ಮೆಚ್ಚುತ್ತಿದ್ದ ಸಾವಿರಾರು ಜನರಿದ್ದರು. ಕೊಂಡು ಮೆಚ್ಚುತ್ತಿದ್ದರು, ಪಣ ಕಟ್ಟಿ ಮೆಚ್ಚುತ್ತಿದ್ದರು, ಹತ್ತಿ ಕೂತು ಮೆಚ್ಚುತ್ತಿದ್ದರು. ಕುದುರೆ ಒಳಗಿನಿಂದ ಹೇಗಿದೆ ಎಂದು ತಿಳಿಯಲು ಒಂದೂವರೆ ವರ್ಷ ಬದುಕನ್ನೇ ಒತ್ತೆಯಿಟ್ಟವನು ಇವನು. ಆ ಕೆಲಸಕ್ಕೆ ಯಾರೂ ಅವನಿಗೆ ಸಂಬಳ ಕೊಡುತ್ತಿರಲಿಲ್ಲ. ಅಲ್ಲಿಂದ ಎದ್ದುಬಂದ ಮೇಲೆ ಅವನು ಬರೆದ ಒಂದು ಕುದುರೆಯೂ ‘ಕುದುರೆ’ ಎಂಬ ಜಾತಿಯ ಚಿತ್ರವಾಗಲಿಲ್ಲ. ಪ್ರತಿಯೊಂದೂ ಹೆಸರಿರುವ, ಸ್ವಭಾವವಿರುವ, ಒಂದು ಬೆಳಿಗ್ಗೆ ಒಂದು ಜಾಗದಲ್ಲಿ ನಿಂತ ಕುದುರೆ. ನನ್ನ ಉತ್ತರ ಅಷ್ಟೇ. ಅದು ಪೂರ್ತಿ ಉತ್ತರವಲ್ಲ ಎಂದೂ ಗೊತ್ತಿದೆ.

ಆ ರೇಖಾಚಿತ್ರಗಳನ್ನು ಹಿಡಿದು ಲಂಡನ್ನಿಗೆ ಹೋದರೆ ತಗಡು ಕೊರೆಯುವ ಕಸುಬುದಾರರು ಕೈ ಹಾಕಲು ಒಪ್ಪಲಿಲ್ಲ. ಸರಿ, ತಾನೇ ಕೂತ. ಹಗಲು ಹೊಟ್ಟೆಪಾಡಿನ ಚಿತ್ರಗಳು, ಬೆಳಗಿನ ಜಾವ ಮತ್ತು ರಾತ್ರಿ ತಾಮ್ರದ ತಗಡು. ‘ಕುದುರೆಯ ಅಂಗರಚನೆ’ ಎಂಬ ಆ ಪುಸ್ತಕ ಹೊರಬಂದದ್ದು 1766ರಲ್ಲಿ. ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ಎಂದು ಮೂರು ನೋಟಗಳಲ್ಲಿ, ಅಸ್ಥಿಪಂಜರದಿಂದ ಹಿಡಿದು ಪದರ ಪದರವಾಗಿ. ಆದರೆ ಪುಸ್ತಕ ಬರುವ ಮೊದಲೇ ಆ ರೇಖಾಚಿತ್ರಗಳನ್ನು ನೋಡಿದ ಶ್ರೀಮಂತರು ಅವನನ್ನು ಕರೆಸತೊಡಗಿದ್ದರು. ಅವರಲ್ಲೊಬ್ಬ ಮಾರ್ಕ್ವಿಸ್ ಆಫ್ ರಾಕಿಂಗ್‌ಹ್ಯಾಮ್. ಮುಂದೆ ಎರಡು ಸಲ ಬ್ರಿಟನ್ನಿನ ಪ್ರಧಾನಿಯಾದವನು, ಕುದುರೆ ಎಂದರೆ ಜೀವ ಬಿಡುವವನು. ವಿಸಲ್‌ಜಾಕೆಟ್ ಅವನದೇ ಲಾಯದ ಕುದುರೆ.

ಹೆಸರು ವಿಚಿತ್ರವಲ್ಲವೇ? ಜಿನ್ ಮದ್ಯಕ್ಕೆ ಕಾಕಂಬಿ ಬೆರೆಸಿ ನೆಗಡಿಗೆ ಕುಡಿಯುತ್ತಿದ್ದ ಮನೆಮದ್ದಿನ ಹೆಸರದು. ಬಹುಶಃ ಮೈಬಣ್ಣ ನೋಡಿ ಇಟ್ಟಿರಬೇಕು. ನಿಜಕ್ಕೂ ಕಾಕಂಬಿಯ ಬಣ್ಣವೇ. ಜೂಲು, ಬಾಲ ಮಾತ್ರ ನಾರಿನ ಹಾಗೆ ಬೆಳ್ಳಗೆ. 1759ರಲ್ಲಿ ಯಾರ್ಕಿನಲ್ಲಿ ನಾಲ್ಕು ಮೈಲಿಯ ಪಂದ್ಯ ಗೆದ್ದಿತ್ತು, ಪಣ 2,000 ಗಿನಿ. ಗಿನಿ ಎಂದರೆ ಆ ಕಾಲದ ಇಂಗ್ಲೆಂಡಿನ ಚಿನ್ನದ ನಾಣ್ಯ. ಸ್ಟಬ್ಸ್ ಬರೆಯುವ ಹೊತ್ತಿಗೆ ಅದರ ಓಟ ಮುಗಿದಿತ್ತು. ಇದರ ತಂದೆಯ ತಂದೆ ಗೊಡಾಲ್ಫಿನ್ ಅರೇಬಿಯನ್, ಇವತ್ತಿನ ರೇಸ್ ಕುದುರೆಗಳ ಮೂಲಪುರುಷರೆಂದು ಹೇಳುವ ಮೂರರಲ್ಲಿ ಒಂದು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಓಡುವ ಥರೋಬ್ರೆಡ್ ಕುದುರೆಗಳ ಗಂಡುಸಂತತಿಯ ಬೇರು ಹಿಡಿದು ಹಿಂದೆ ಹೋದರೂ ಆ ಮೂರರಲ್ಲಿ ಒಂದಕ್ಕೆ ಮುಟ್ಟುತ್ತೀರಿ.

ಈ ಚಿತ್ರದ ಬಗ್ಗೆ ಹಳೆಯ ಕಥೆಯೊಂದಿದೆ. ಬೆನ್ನ ಮೇಲೆ ದೊರೆ ಮೂರನೆಯ ಜಾರ್ಜ್ ಬರಬೇಕಿತ್ತು, ಹಿಂದೆ ಬೇರೆ ಚಿತ್ರಕಾರ ನಿಸರ್ಗದೃಶ್ಯ ಬರೆಯಬೇಕಿತ್ತು, ರಾಕಿಂಗ್‌ಹ್ಯಾಮ್‌ಗೂ ದೊರೆಗೂ ಮನಸ್ಸು ಮುರಿದು ಅರ್ಧಕ್ಕೇ ನಿಂತಿತು ಎಂದು. ನಾನು ನಂಬುವುದಿಲ್ಲ. ಅದೇ ಹೊತ್ತಿನಲ್ಲಿ ಅದೇ ರಾಕಿಂಗ್‌ಹ್ಯಾಮ್‌ಗಾಗಿ ಸ್ಟಬ್ಸ್ ತಾಯಿಕುದುರೆಗಳು ಮತ್ತು ಮರಿಗಳ ಉದ್ದನೆಯ ಚಿತ್ರವೊಂದನ್ನು ಬರೆದ. ಅಲ್ಲೂ ಹಿನ್ನೆಲೆ ಖಾಲಿ. ಆ ಮರಿಗಳ ಬೆನ್ನ ಮೇಲೆ ಯಾವ ದೊರೆಯನ್ನು ಕೂರಿಸುವುದಕ್ಕಿದ್ದರು? ಆ ಚಿತ್ರದಲ್ಲಿ ಕಾಲುಗಳ ನಡುವಿನ ಖಾಲಿ ಜಾಗಗಳನ್ನೇ ನೋಡುತ್ತ ಹೋಗಿ. ಒಂದರ ಕತ್ತು ಇಳಿದ ಕಡೆ ಇನ್ನೊಂದರ ಬೆನ್ನು ಏರುತ್ತದೆ, ಮರಿ ತಾಯ ಹೊಟ್ಟೆಯಡಿ ಮೂತಿ ತೂರಿಸಿದ ಕಡೆ ಗೆರೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಅಂಗರಚನೆ ತಿಳಿದವನ ಕೈಗೆ ಬರುವ ಸಲಿಗೆ ಅದು. ತಿಳಿದದ್ದನ್ನು ತೋರಿಸುವ ಹಂಬಲವೇ ಅಲ್ಲಿಲ್ಲ.

ವ್ಯಾನ್ ಡೈಕ್ ಎಂಬ ಚಿತ್ರಕಾರ ಬರೆದ, ಕುದುರೆಯ ಮೇಲೆ ಕೂತ ದೊರೆ ಒಂದನೆಯ ಚಾರ್ಲ್ಸ್‌ನ ಚಿತ್ರವೂ ಅದೇ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದ್ಭುತವಾದ ಚಿತ್ರ. ಆದರೆ ಅಲ್ಲಿ ಕುದುರೆ ದೊರೆಯ ಸಿಂಹಾಸನ. ನಮ್ಮ ಸರ್ಕಲ್ಲುಗಳಲ್ಲಿ ನಿಂತಿರುವ ಕಂಚಿನ ಕುದುರೆಗಳೂ ಹಾಗೇ ಅಲ್ಲವೇ? ಸವಾರನ ಹೆಸರು ಪೀಠದ ಮೇಲಿರುತ್ತದೆ, ಕುದುರೆಯದು ಯಾರಿಗೂ ಬೇಕಿಲ್ಲ. ಸ್ಟಬ್ಸ್ ಸಿಂಹಾಸನದ ಮೇಲಿಂದ ದೊರೆಯನ್ನು ಇಳಿಸಿದ. ಆ ಜಾಗದಲ್ಲಿ ಇನ್ನೇನನ್ನೂ ಇಡಲಿಲ್ಲ.

ಅವನೂ ತಪ್ಪಿದ ಒಂದು ಕಡೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಾಗಾಲೋಟ. ‘ಜಿಮ್‌ಕ್ರಾಕ್’ ಎಂಬ ಪುಟ್ಟ ಬೂದುಬಣ್ಣದ ಕುದುರೆಯ ಚಿತ್ರದಲ್ಲಿ, ದೂರದಲ್ಲಿ ಓಡುತ್ತಿರುವ ಕುದುರೆಗಳನ್ನು ನೋಡಿ. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿವೆ. ಹಳೇಬೀಡಿನ ಅಶ್ವಪಟ್ಟಿಕೆಯ ಶಿಲ್ಪಿಗಳಿಂದ ಹಿಡಿದು ಎಲ್ಲರೂ ಓಟವನ್ನು ಕಾಲು ಚಾಚಿಯೋ ಎತ್ತಿಯೋ ಕಲ್ಪಿಸಿಕೊಂಡವರೇ. ಕುದುರೆಯ ನಾಲ್ಕೂ ಕಾಲು ನೆಲ ಬಿಡುವ ಗಳಿಗೆಯಲ್ಲಿ ಅವು ಹೊಟ್ಟೆಯಡಿ ಮಡಚಿ ಕೂಡಿಕೊಂಡಿರುತ್ತವೆ ಎಂದು ಲೋಕಕ್ಕೆ ಗೊತ್ತಾದದ್ದು 1878ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಫೋಟೊ ತೆಗೆದಾಗ. ಸ್ಟಬ್ಸ್ ತೀರಿಕೊಂಡು ಆಗಲೇ 72 ವರ್ಷ. ಕತ್ತಿಯಿಂದ ಬಿಡಿಸಿ ನೋಡಬಹುದಾದದ್ದನ್ನೆಲ್ಲ ನೋಡಿದವನಿಗೆ ವೇಗವನ್ನು ಬಿಡಿಸಿ ನೋಡಲಾಗಲಿಲ್ಲ. ಅವನ ಮುಖ್ಯ ಚಿತ್ರಗಳಲ್ಲಿ ಕುದುರೆ ಹೆಚ್ಚಾಗಿ ನಿಂತೇ ಇರುವುದಕ್ಕೆ ಇದೂ ಕಾರಣವಿರಬಹುದು ಎಂದು ನನ್ನ ಊಹೆ. ಕಾಣದ್ದನ್ನು ದೊಡ್ಡದಾಗಿ ಬರೆಯುವ ಮನಸ್ಸು ಅವನಿಗೆ ಇರಲಿಲ್ಲ.

ಜಿಮ್‌ಕ್ರಾಕ್ ಚಿತ್ರದಲ್ಲೇ ಇನ್ನೊಂದು ಸಂಗತಿ ಇದೆ. ದೂರದಲ್ಲಿ ಕುದುರೆ ಪಂದ್ಯ ಗೆಲ್ಲುತ್ತಿದೆ, ಹತ್ತಿರದಲ್ಲಿ ಅದೇ ಕುದುರೆ ಪಂದ್ಯ ಮುಗಿಸಿ ನಿಂತಿದೆ. ಲಾಯದ ಹುಡುಗನೊಬ್ಬ ಮಂಡಿಯೂರಿ ಅದರ ಮೈ ಉಜ್ಜುತ್ತಿದ್ದಾನೆ. ಗೆಲುವು ಬೆರಳುದ್ದ, ಮಾಲೀಸು ಚಿತ್ರದ ತುಂಬ. ಸ್ಟಬ್ಸ್ ಬರೆದ ಲಾಯದ ಆಳುಗಳು, ಹುಡುಗರು, ಜಾಕಿಗಳು ಎಲ್ಲರಿಗೂ ಅವರವರದೇ ಮುಖವಿದೆ. ಅವನ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮದ್ರಾಸಿನ ಗವರ್ನರ್ ಆಗಿದ್ದ ಪಿಗಟ್ ಎಂಬವನು ದೊರೆ ಮೂರನೆಯ ಜಾರ್ಜ್‌ಗೆ ಒಂದು ಚೀತಾವನ್ನು ಕಾಣಿಕೆ ಕೊಟ್ಟಿದ್ದ. ಅದನ್ನು ನೋಡಿಕೊಳ್ಳಲು ಹಿಂದೂಸ್ತಾನದಿಂದ ಹೋದ ಇಬ್ಬರನ್ನು ಸ್ಟಬ್ಸ್ ಚೀತಾದ ಜೊತೆ ಬರೆದ. ಆ ಚಿತ್ರ ಮ್ಯಾಂಚೆಸ್ಟರಿನಲ್ಲಿದೆ. ಬಿಳಿ ನಿಲುವಂಗಿ, ಪೇಟ. ಅವರು ಅಲ್ಲಿ ಅಲಂಕಾರಕ್ಕೆ ನಿಂತವರಲ್ಲ, ಪ್ರಾಣಿಯ ಮರ್ಮ ಬಲ್ಲವರು. ಹಂಪಿಯ ಹಜಾರರಾಮ ದೇವಸ್ಥಾನದ ಪ್ರಾಕಾರದ ಗೋಡೆಗೆ ಹೋದಾಗಲೆಲ್ಲ ನನಗೆ ಸ್ಟಬ್ಸ್ ನೆನಪಾಗುತ್ತಾನೆ. ಭಟ್ಕಳದ ಬಂದರಿನಲ್ಲಿ ಹಡಗಿನಿಂದಿಳಿದು ಘಟ್ಟ ಹತ್ತಿ ಬಂದ ಅರಬ್ಬೀ ಕುದುರೆಗಳ ವಂಶವೇ ಅಲ್ಲಿ ಕಲ್ಲಿನಲ್ಲಿ ಸಾಲಾಗಿ ನಡೆಯುತ್ತಿರುವುದು. ಅವುಗಳ ಲಗಾಮು ಹಿಡಿದು ನಡೆಯುವ ಆಳುಗಳೂ ಜೊತೆಗಿದ್ದಾರೆ. ಆ ಗೋಡೆ ಕಡೆದ ಶಿಲ್ಪಿಯೂ ಎಲ್ಲೋ ಲಾಯದ ಬಾಗಿಲಲ್ಲಿ ಬಹಳ ಹೊತ್ತು ಕೂತವನೇ ಇರಬೇಕು.

ಬದುಕಿದ್ದಷ್ಟು ದಿನ ಜನ ಸ್ಟಬ್ಸ್‌ನನ್ನು ‘ಕುದುರೆ ಚಿತ್ರಕಾರ’ ಎಂದೇ ಕರೆದರು, ಗೌರವದಿಂದಲ್ಲ. ಪುರಾಣದ ಚಿತ್ರ, ಇತಿಹಾಸದ ಚಿತ್ರ ಬರೆಯುವವರು ಮೇಲೆ, ಪ್ರಾಣಿ ಬರೆಯುವವರು ಕೆಳಗೆ. ನಾನು ಕಲಿಯುವಾಗಲೂ ‘ಕುದುರೆ ಬರೆಯೋದು ಕ್ಯಾಲೆಂಡರಿನವರ ಕೆಲಸ’ ಎಂದು ಹೇಳಿದವರಿದ್ದರು. ಅವನಿಗೂ ಆ ಹೆಸರು ನೋವು ಕೊಟ್ಟಿತ್ತು. ಸಿಂಹ ಕುದುರೆಯ ಮೇಲೆ ಬೀಳುವ ಚಿತ್ರಗಳನ್ನು ಮತ್ತೆ ಮತ್ತೆ ಬರೆದ, ವೆಜ್‌ವುಡ್ ಎಂಬ ಪಿಂಗಾಣಿ ತಯಾರಕ ಮಾಡಿಕೊಟ್ಟ ಫಲಕಗಳ ಮೇಲೆ ಪ್ರಯೋಗ ಮಾಡಿದ. ಅವು ನನ್ನನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಹಿಡಿಯುವುದು ಇದು. ಕೊನೆಯ ಸ್ಲೈಡ್. 1799ರ ಮಾರ್ಚ್‌ನಲ್ಲಿ ನ್ಯೂಮಾರ್ಕೆಟ್‌ನಲ್ಲಿ ಹ್ಯಾಂಬಲ್‌ಟೋನಿಯನ್ ಮತ್ತು ಡೈಮಂಡ್ ಎಂಬ ಎರಡು ಕುದುರೆಗಳ ನಡುವೆ ಪಂದ್ಯ. ನಾಲ್ಕು ಮೈಲಿಗೂ ಹೆಚ್ಚು, ಪಣ 3,000 ಗಿನಿ. ಎರಡಕ್ಕೂ ಚಾಟಿಯಲ್ಲಿ, ಹಿಮ್ಮಡಿಯ ಮುಳ್ಳಿನಲ್ಲಿ ರಕ್ತ ಬರುವ ಹಾಗೆ ಹೊಡೆದಿದ್ದರು. ಹ್ಯಾಂಬಲ್‌ಟೋನಿಯನ್ ಅರ್ಧ ಕತ್ತಿನಷ್ಟು ಅಂತರದಲ್ಲಿ ಗೆದ್ದಿತು. ಗೆಲುವಿನ ಚಿತ್ರ ಬರೆದುಕೊಡು ಎಂದು ಒಡೆಯ ಸ್ಟಬ್ಸ್‌ಗೆ ಹೇಳಿದ. ಆಗ ಅವನಿಗೆ ಎಪ್ಪತ್ತೈದು ವರ್ಷ. ಹನ್ನೆರಡು ಅಡಿ ಅಗಲದ ಬಟ್ಟೆ ಎಳೆದು ನಿಲ್ಲಿಸಿ ಬರೆದದ್ದು ಇದನ್ನು. ಆಮೇಲೆ ಹಣದ ವಿಷಯಕ್ಕೆ ಒಡೆಯನ ಮೇಲೆ ಕೋರ್ಟಿಗೆ ಹೋಗಬೇಕಾಯಿತು, ಹೋಗಿ ಗೆದ್ದ.

ಇಲ್ಲಿ ಒಡೆಯನೂ ಇಲ್ಲ, ಜಾಕಿಯೂ ಇಲ್ಲ, ಜಯಕಾರವೂ ಇಲ್ಲ. ಪಂದ್ಯದ ಬಯಲು ಹಿಂದೆ ಬರಿದಾಗಿ ಬಿದ್ದಿದೆ. ಕುದುರೆ ಬಳಲಿ, ಇನ್ನೂ ಭಯ ಆರದೆ, ಕಿವಿ ಹಿಂದಕ್ಕೆ ಒತ್ತಿ ಬಾಯಿ ತೆರೆದಿದೆ. ತಲೆಯ ಬಳಿ ಒಬ್ಬ ಲಗಾಮು ಹಿಡಿದಿದ್ದಾನೆ. ಪಕ್ಕದಲ್ಲಿ ಲಾಯದ ಹುಡುಗ, ಒಂದು ಕೈಯಲ್ಲಿ ಮೈ ಒರೆಸುವ ಬಟ್ಟೆ. ಇನ್ನೊಂದು ಕೈಯನ್ನು ಕುದುರೆಯ ಬೆನ್ನ ಮೇಲೆ ಹಾಕಿ ನೇರವಾಗಿ ನಮ್ಮ ಕಡೆ ನೋಡುತ್ತಿದ್ದಾನೆ. ನಮ್ಮ ಸಾಹೇಬರು ಸಂಜೆ ಗಾಡಿ ಬಿಚ್ಚಿದ ಮೇಲೆ ಹಳೇ ಗೋಣಿತಾಟು ಮಡಚಿ ಕುದುರೆಯ ಬೆವರು ಒರೆಸುತ್ತಿದ್ದರು. ಒರೆಸುವ ಕೈ ಒಂದು, ಇನ್ನೊಂದು ಕೈ ಸುಮ್ಮನೆ ಬೆನ್ನ ಮೇಲೆ, ಇಲ್ಲಿರುವ ಹಾಗೆಯೇ. ಆ ಹುಡುಗನ ಕೈಬೆರಳುಗಳನ್ನು ದೊಡ್ಡದು ಮಾಡಿ ತೋರಿಸುತ್ತೇನೆ, ಹಿಂದೆ ಕೂತಿರುವವರು ಸ್ವಲ್ಪ ಮುಂದಕ್ಕೆ ಬನ್ನಿ.